ಕಳ್ಳ ಚಿಗುರು

"ಬುಡದಲ್ಲಿದ್ದ ಚಿಗುರೆಲ್ಲಿ?"

ಗೇಟು ದಾಟಿ ಬಂದ ತೋಟಗಾರಿಕೆ ಇಲಾಖೆಯ ಮೇಡಂ ನಮಸ್ಕಾರ ಅನ್ನಲಿಲ್ಲ, ಹಾಕಿದ್ದ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹಿತ್ತಲಿಗೆ ನಡೆದು, ಮರದ ಬುಡಕ್ಕೆ ಬಗ್ಗಿ ಕೇಳಿದ ಮೊದಲ ಮಾತೇ ಅದು. ಮರಿಮೇಸ್ತ್ರಿಯ ಕೈಯಲ್ಲಿ ಇನ್ನೂ ಪೊರಕೆ ಇತ್ತು.

"ಬೆಳಿಗ್ಗೆನೇ ಸವರಿ ಹಾಕ್ದೆ ಮೇಡಂ," ಅಂದ. ಮಾತಿನಲ್ಲಿ ಸ್ವಲ್ಪ ಜಂಬವೇ ಇತ್ತು. "ನೀವು ಬರ್ತೀರಿ ಅಂತಲೇ. ನೋಡಿ, ಬುಡ ಹೆಂಗೆ ಕನ್ನಡಿ ಥರ ಇದೆ."

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ."

ಮೇಡಂ ಮೊಣಕಾಲೂರಿ ಕೂತರು. ಬಿಳಿ ಪ್ಯಾಂಟಿನ ಮಂಡಿಗೆ ಮಣ್ಣು ಮೆತ್ತಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ಚಿಗುರು ಕಡಿದ ಒಂದೊಂದು ಮೋಟನ್ನೂ ಬೆರಳಿನಿಂದ ಮುಟ್ಟುತ್ತಾ ಹೋದರು. ಹನ್ನೊಂದು ಇದ್ದವು. ಹನ್ನೊಂದರ ತಲೆಗೂ ನೀಲಿ ಬಣ್ಣ ಹತ್ತಿತ್ತು.

"ಇದೇನಿದು ನೀಲಿ?"

"ಔಷಧಿ ಮೇಡಂ, ಕಳೆ ಸಾಯಿಸೋದು. ಗೊಬ್ಬರದಂಗಡಿಯೋನು ಕೊಟ್ಟ. ಕಡಿದ ತಕ್ಷಣ ಬಳಿದುಬಿಟ್ರೆ ಇನ್ನು ಜನ್ಮದಲ್ಲಿ ಮೇಲೇಳಲ್ಲ, ಮರಕ್ಕೇನೂ ಆಗಲ್ಲ ಅಂದ. ಪ್ರತಿ ವರ್ಷ ಇದೇ ಗೋಳು, ನಾನು ಕಡಿಯೋದು, ಅದು ಏಳೋದು. ಈ ಸಲ ಕತೆ ಮುಗಿಸಿಬಿಟ್ಟೆ."

ಹಿಂದೆ ಕಲ್ಲುಬೆಂಚಿನ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತ. "ಏನು ಬಳ್ದೆ?"

ಅಪ್ಪನಿಗೆ ಕೇಳಿಸಲಿಲ್ಲ ಅಂದುಕೊಂಡು ಮರಿಮೇಸ್ತ್ರಿ ಗಟ್ಟಿಯಾಗಿ, "ಔಷಧಿ ಅಪ್ಪಾ, ಔಷಧಿ!" ಅಂದ. ಅಪ್ಪ ಕೂರಲು ಹೋದ, ಬೆಂಚು ಎಲ್ಲಿದೆ ಅಂತ ಗೊತ್ತಾಗದೆ ಕೈಯಿಂದ ಒಂದು ಸಲ ತಡವಿ ಹುಡುಕಿದ.

ಬೂದುಗೆನ್ನೆ ಅನ್ನುವುದು ಆ ಸೀಮೆಯ ಪ್ಲಮ್ ಹಣ್ಣು. ಕಪ್ಪು ನೇರಳೆ ಸಿಪ್ಪೆ, ಮೇಲೆ ಬೂದಿ ಸವರಿದ ಹಾಗೆ ಒಂದು ಪುಡಿ. ಬೆರಳಿಟ್ಟರೆ ಬೆರಳಿನ ಗುರುತು ಉಳಿಯುತ್ತದೆ. ಬಸ್ ನಿಲ್ದಾಣದ ಗೋಡೆ ಮೇಲೆ ಅದರ ಚಿತ್ರ, ಬೆಳೆಗಾರರ ಸಂಘದ ಕಾಗದಪತ್ರದ ಮೇಲೆ ಅದರ ಚಿತ್ರ, ಶಾಲೆ ಮಕ್ಕಳ ಅಂಗಿಯ ಜೇಬಿನ ಮೇಲೂ ಅದೇ. ಜಾಮಿನ ಬಾಟಲಿ ತಿರುಗಿಸಿ ನೋಡಿದರೆ 'ಮುನ್ನೂರು ವರ್ಷಗಳ ಪರಂಪರೆ' ಅಂತ ಬರೆದಿರುತ್ತದೆ. ಯಾವ ಪುಣ್ಯಾತ್ಮ ಕೂತು ಎಣಿಸಿದನೋ. ಆ ಪರಂಪರೆಗೆಲ್ಲ ತಾಯಿಮರ ಅಂದರೆ ಈ ಹಿತ್ತಲಿನ ಮರ. ಮಿಕ್ಕ ಹಳೆಯ ಮರಗಳಲ್ಲಿ ಕೆಲವು ರೋಗಕ್ಕೆ ಹೋದವು, ಕೆಲವು ರಸ್ತೆ ಅಗಲ ಮಾಡುವವರ ಗರಗಸಕ್ಕೆ. ಹೆಚ್ಚಿನವನ್ನು ಮಾಲೀಕರೇ ಕಡಿದರು. ಯಾಕೆಂದರೆ ಈ ಮರದ ಹಣ್ಣು ದಪ್ಪ, ಈ ಮರದ ಹಣ್ಣು ವರ್ಷ ತಪ್ಪಿಸದೆ ಬಿಡುತ್ತದೆ. ಇದರ ಕಡ್ಡಿ ಒಯ್ದು ಕಸಿ ಕಟ್ಟಿಸಿಕೊಂಡರೆ ಹಳೇ ಮರ ಯಾವನಿಗೆ ಬೇಕು? ಹಾಗೆ ಸುತ್ತಲಿನ ತೋಟಗಳೆಲ್ಲ ಇದರ ಮಕ್ಕಳಾದವು. ಕಟ್ಟಿಕೊಟ್ಟ ಕೈ ಅಪ್ಪನದು.

ಅಪ್ಪನನ್ನು ಊರು ಕಣ್ಣು ಮೇಸ್ತ್ರಿ ಅನ್ನುತ್ತಿತ್ತು. ಎಲೆಯ ಸಂದಿಯಲ್ಲಿರುವ ಮೊಗ್ಗಿಗೆ ಈ ಕಸುಬಿನವರು ಕಣ್ಣು ಅನ್ನುತ್ತಾರೆ. ಆ ಕಣ್ಣನ್ನು ಚಾಕುವಿನಲ್ಲಿ ಎಬ್ಬಿಸಿ, ಇನ್ನೊಂದು ಗಿಡದ ತೊಗಟೆ ಬಿಡಿಸಿ ಅದರೊಳಗೆ ಕೂರಿಸುವುದರಲ್ಲಿ ಅಪ್ಪನ ಎಡಗೈಗೆ ಸಾಟಿಯಿರಲಿಲ್ಲ. ಒಂದು ಸಲ ಹೊರಗಿನವನೊಬ್ಬ ಹೆಸರು ಕೇಳಿಯೇ ನಂಬಿ, ಕಣ್ಣಿಗೆ ಪೊರೆ ಬಂದ ತನ್ನ ತಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ. ಅಪ್ಪ ಆ ಮುದುಕಿಗೆ ಒಂದು ಬುಟ್ಟಿ ಹಣ್ಣು ಕೊಟ್ಟು, "ನನ್ನ ಕೈಲಿ ಆಗೋ ಔಷಧಿ ಇದೇ ತಾಯಿ" ಅಂತ ಕಳಿಸಿ, ತಿಂಗಳಾನುಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕಿದ್ದ. ಈಗ ಮೂರು ವರ್ಷದಿಂದ ಆ ಕೈಗಳು ನಡುಗುತ್ತವೆ. ಲೋಟ ಹಿಡಿದರೆ ಅರ್ಧ ನೀರು ಎದೆಯ ಮೇಲೆ. ಕಸುಬು ಮಗನಿಗೆ ಬಂತು, ಹೆಸರೂ ಹಿಂದೆಯೇ ಬಂತು: ಮರಿಮೇಸ್ತ್ರಿ.

ಮರಿಮೇಸ್ತ್ರಿ ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಶಾಲೆ ಬಿಟ್ಟ ಮಾರನೇ ದಿನ ಅಪ್ಪ ಇದೇ ಮರದ ಕೆಳಗೆ ಕೂರಿಸಿ, ಕೈಗೆ ಕತ್ತರಿ ಕೊಟ್ಟು, ಕಸುಬಿನ ಮೊದಲ ಪಾಠ ಹೇಳಿದ್ದ. "ಬುಡದಿಂದ ಏಳೋದು ಕಳ್ಳ ಚಿಗುರು. ಮೇಲಿರೋ ಮರದ ಅನ್ನ ಕದಿಯುತ್ತೆ. ಕಂಡ ಕೂಡ್ಲೇ ಕಡಿ, ಕಡಿದು ಬುಡಕ್ಕೆ ಮಣ್ಣು ಏರಿಸು." ಹದಿನಾಲ್ಕು ವರ್ಷದಿಂದ ಅವನು ಕಡಿದಿದ್ದ, ಮಣ್ಣು ಏರಿಸಿದ್ದ. ಓದು ತಲೆಗೆ ಹತ್ತದಿದ್ದವನಿಗೆ ಇದಾದರೂ ಕೈಗೆ ಹತ್ತಿತಲ್ಲ ಅನ್ನುವ ಸಮಾಧಾನ ಅವನದು. ಅದರ ಮೇಲೆಯೇ ಅವನು ನಿಂತಿದ್ದ.

ಇವತ್ತು ಮರಕ್ಕೆ ಇಲಾಖೆಯ ಪ್ರಮಾಣಪತ್ರ ಸಿಗುವ ದಿನ. ಸಂಘದ ಕಾರ್ಯದರ್ಶಿ ಬೆಳಿಗ್ಗೆ ಎಂಟಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಪೇಪರು ಸುತ್ತಿದ್ದ ಬೋರ್ಡನ್ನು ಗೋಡೆಗೆ ಒರಗಿಸಿ ಕೂತಿದ್ದ. ಬೋರ್ಡಿನ ಮೇಲೆ ಹಳದಿ ಅಕ್ಷರದಲ್ಲಿ 'ಬೂದುಗೆನ್ನೆ ತಾಯಿಮರ' ಅಂತಲೂ, ಅದರ ಕೆಳಗೆ ಕಣ್ಣು ಮೇಸ್ತ್ರಿಯ ಹೆಸರೂ ಇತ್ತು. ಸಂಘ ಹೊಸ ನರ್ಸರಿ ತೆರೆಯುತ್ತದೆ, ಈ ಮರದ ಕಡ್ಡಿಯಿಂದ ಸಾವಿರಾರು ಗಿಡ ಮಾಡುತ್ತದೆ, ಮರಿಮೇಸ್ತ್ರಿಯೇ ಅದಕ್ಕೆ ಯಜಮಾನ ಅಂತ ಮಾತಾಗಿತ್ತು.

"ಮೇಡಂ, ಮೊದಲು ಬಿಸಿಲಿಂದ ಈ ಕಡೆ ಬನ್ನಿ," ಅಂದ ಕಾರ್ಯದರ್ಶಿ. "ಬುಡ ಆಮೇಲೆ ನೋಡೋಣ."

"ಬುಡ ನೋಡ್ಬೇಕು ಅಂತ ನಿನ್ನೆ ಫೋನಲ್ಲಿ ಹೇಳಿದ್ದೆನಲ್ಲ ನಿಮಗೆ?"

"ಹೇಳಿದ್ರಿ. ಅದಕ್ಕೇ ಚೊಕ್ಕಟ ಮಾಡಿಡು ಅಂತ ಇವನಿಗೆ ಹೇಳಿದೆ. ಮೇಡಂ ನೋಡೋ ಜಾಗ, ಗಲೀಜಾಗಿದ್ರೆ ಸಂಘದ ಮರ್ಯಾದೆ ಏನಾಗ್ಬೇಕು?"

ಮೇಡಂ ಎದ್ದರು. ಚೀಲದಿಂದ ಕಾಗದ ತೆಗೆದರು, ಓದಲಿಲ್ಲ.

"ವಸಂತದಲ್ಲಿ ಬಂದಾಗ ನಾನು ಎರಡು ಎಲೆ ಕಿತ್ಕೊಂಡು ಹೋಗಿದ್ದೆ," ಅಂದರು ಮರಿಮೇಸ್ತ್ರಿಗೆ. "ಒಂದು ಮೇಲಿನ ಕೊಂಬೇದು. ಇನ್ನೊಂದು ಬುಡದ ಚಿಗುರಿಂದು. ನೀವು ನಕ್ಕಿದ್ರಿ."

ನಕ್ಕಿದ್ದ. 'ಮೇಡಂ, ಅದು ಕಳ್ಳ ಚಿಗುರು, ಅದರ ಫೋಟೋ ತೆಗೆದು ಪೊಲೀಸ್ ಸ್ಟೇಷನ್‌ಗೆ ಕೊಡ್ಬೇಕು ಅಷ್ಟೇ' ಅಂದಿದ್ದ. ಅವರೂ ನಕ್ಕಿದ್ದರು.

"ನಮ್ಮ ಸಂಶೋಧನಾ ಕೇಂದ್ರದಲ್ಲಿ ಒಂದು ಹಳೇ ಹಾಳೆ ಇದೆ. ತೊಂಬತ್ತು ವರ್ಷದ ಹಿಂದೆ ಯಾರೋ ಈ ಊರಿಂದ ಬೂದುಗೆನ್ನೆಯ ಎಲೆ, ಬೀಜ ತಗೊಂಡು ಹೋಗಿ, ಒಣಗಿಸಿ ಅಂಟಿಸಿಟ್ಟಿದ್ದಾರೆ. ಈ ಎಲೆಗಳನ್ನ ಅದರ ಜೊತೆ ಹೋಲಿಸಿದ್ವಿ. ಡಿಎನ್‌ಎ ಪರೀಕ್ಷೆ." ಕಾಗದ ಮಡಚಿದರು. "ಮೇಲಿನ ಎಲೆ ಬೂದುಗೆನ್ನೇದಲ್ಲ."

ಕಾರ್ಯದರ್ಶಿ ನಕ್ಕ, ನಗು ಅರ್ಧಕ್ಕೇ ನಿಂತಿತು.

"ಅಲ್ಲ ಅಂದ್ರೆ?"

"ಅಲ್ಲ ಅಂದ್ರೆ ಅಲ್ಲ. ಇದು ಎಲ್ಲಾ ನರ್ಸರೀಲೂ ಸಿಗೋ ಮಾಮೂಲಿ ಪ್ಲಮ್ಮು. ನಿಮ್ಮ ಸುತ್ತಮುತ್ತ ಮೂವತ್ತೊಂದು ತೋಟದಿಂದ ಎಲೆ ತರಿಸಿದ್ದೆ. ಮೂವತ್ತೊಂದೂ ಅದೇ."

"ಮಶೀನು ಕೆಟ್ಟಿರ್ಬೇಕು ಮೇಡಂ."

"ಮೂರು ಸಲ ಮಾಡಿಸಿದ್ವಿ."

"ಹಂಗಲ್ಲ... ಬಸ್‌ಸ್ಟ್ಯಾಂಡಿನ ಗೋಡೆಗೆ ಹೋದ ತಿಂಗಳು ತಾನೇ ಹೊಸದಾಗಿ ಬಣ್ಣ ಹೊಡೆಸಿದೀವಿ!"

ಮರಿಮೇಸ್ತ್ರಿಗೆ ತನ್ನ ಧ್ವನಿ ಬೇರೆಲ್ಲಿಂದಲೋ ಬಂದಂತೆ ಕೇಳಿತು. "ಬುಡದ ಚಿಗುರು?"

ಮೇಡಂ ಅವನ ಕೈಯನ್ನೇ ನೋಡುತ್ತಿದ್ದರು. ಬೆರಳ ತುದಿಗಳು ಇನ್ನೂ ನೀಲಿಯಾಗಿದ್ದವು.

"ಅದು ಬೂದುಗೆನ್ನೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಮಗೆ ತಿಳಿದಿರೋ ಮಟ್ಟಿಗೆ ಇಡೀ ಸೀಮೇಲಿ ಜೀವಂತ ಇರೋ ಬೂದುಗೆನ್ನೆ ಅಂದ್ರೆ ಈ ಮರದ ಬೇರು, ಆ ಬೇರಿಂದ ಏಳೋ ಚಿಗುರು. ಇನ್ನೆಲ್ಲೂ ಇಲ್ಲ."

ಹದಿನಾಲ್ಕು ವರ್ಷ. ವರ್ಷಕ್ಕೆ ಎರಡು ಸಲ. ಅವನ ತಲೆ ಲೆಕ್ಕ ಹಾಕಲು ಹೋಗಿ, ಎಲ್ಲೋ ಮುಗ್ಗರಿಸಿ, ಅಲ್ಲೇ ಕೂತುಬಿಟ್ಟಿತು. ಪೊರಕೆ ಕೈಯಿಂದ ಯಾವಾಗ ಬಿತ್ತೋ, ಅವನು ಮರದ ಬುಡದಲ್ಲಿ ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಬಗೆಯುತ್ತಿದ್ದ. ತಾನೇ ಏರಿಸಿದ ಮಣ್ಣು. ಕಸಿ ಕಟ್ಟಿದ ಗಿಡದ ಗಂಟು ಯಾವತ್ತೂ ನೆಲದ ಮೇಲಿರಬೇಕು, ಮಣ್ಣಿಗೆ ಮುಚ್ಚಬಾರದು. ಇದು ಕಸುಬಿನವನಿಗೆ ಅಕ್ಷರಾಭ್ಯಾಸ. ಅಪ್ಪ ಊರವರಿಗೆಲ್ಲ ಅದನ್ನೇ ಹೇಳುತ್ತಿದ್ದ, ಈ ಮರಕ್ಕೆ ಮಾತ್ರ ಮಣ್ಣು ಏರಿಸು ಅನ್ನುತ್ತಿದ್ದ. ಯಾಕೆ ಅಂತ ಇವನು ಒಂದು ದಿನವೂ ಕೇಳಿರಲಿಲ್ಲ. ಕೇಳುವುದೇನು, ಇದು ಕಸಿಯ ಮರವೇ ಅಲ್ಲವಲ್ಲ. ತಾಯಿಮರ.

ಮೊಳದುದ್ದ ಕೆಳಗೆ ಸಿಕ್ಕಿತು. ಮೇಲಿನ ತೊಗಟೆ ಬೂದು, ನಯ. ಕೆಳಗಿನದು ಕಪ್ಪು, ಒಡೆದ ಹಿಮ್ಮಡಿಯ ಹಾಗೆ. ಎರಡರ ನಡುವೆ ಊದಿಕೊಂಡ ತುಟಿಯಂಥ ಗಂಟು. ಕಡಿದ ಮೋಟಿನ ಮೇಲೆ ನೀರು ನಿಲ್ಲಬಾರದು ಅಂತ ಕಸಿಗಾರರು ಅದನ್ನು ಓರೆಯಾಗಿ ಕೊಯ್ಯುತ್ತಾರೆ. ಬಲಗೈಯವರದು ಒಂದು ಕಡೆ ವಾಲುತ್ತದೆ. ಈ ಗಂಟು ಇನ್ನೊಂದು ಕಡೆ ವಾಲಿತ್ತು, ಎಡಗೈಯವರದು. ಊರಿನ ನೂರಾರು ಮರಗಳಲ್ಲಿ ಆ ಓರೆಯನ್ನು ಅವನು ನೋಡಿದ್ದ. ಕೈಬರಹ ಗುರುತಿಸುವ ಹಾಗೆ ಗುರುತಿಸುತ್ತಿದ್ದ.

"ಅಪ್ಪಾ," ಅಂದ, ತಿರುಗದೆ. "ಇದು ನಿನ್ನ ಕೈ."

ಆಮೇಲೆ ಬೆಂಚಿನ ಕಡೆ ತಿರುಗಿದ.

"ಅಪ್ಪಾ, ಇದು ನಿನ್ನ ಕೈ!"

"ಹೌದು ಮಗಾ."

ಹೌದಾ ಅಂತ ಕಾರ್ಯದರ್ಶಿ ಬಾಯಿ ತೆರೆದ. ಮೇಡಂ ಕೈ ಎತ್ತಿ ಅವನನ್ನು ತಡೆದರು.

ಅಪ್ಪ ನೆಲ ನೋಡಿಕೊಂಡು ಹೇಳಿದ. ಯಾವತ್ತೋ ಹೇಳಿ ಹೇಳಿ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಹಾಗೆ, ಎಲ್ಲೂ ತಡವರಿಸದೆ. "ಆ ವರ್ಷ ಹಣ್ಣು ಜಾಸ್ತಿ. ಕೊಂಬೆಗೆ ಊರುಗೋಲು ಕೊಡು ಅಂತ ಹೇಳಿ ನಿಮ್ಮ ತಾತ ತಿಂಗಳುಗಟ್ಟಲೆ ಇರೋಕೆ ಅಂತ ನಿಮ್ಮತ್ತೆ ಮನೆಗೆ ಹೋದ. ನಾನು ಕೊಡಲಿಲ್ಲ. ನಾಳೆ ಕೊಟ್ರಾಯ್ತು ಅಂದ್ಕೊಂಡೆ. ಭಾರಕ್ಕೆ ಮರ ಬುಡದ ತನಕ ಸೀಳ್ತು. ಕಡಿಯದೆ ದಾರಿ ಇರಲಿಲ್ಲ. ಅದರದೇ ಕಡ್ಡಿ ತಗೊಂಡು ಮೋಟಿಗೆ ಕಸಿ ಕಟ್ಟಿದೆ. ಒಣಗಿಹೋಯ್ತು. ಮತ್ತೆ ಕಟ್ಟಿದೆ. ಮತ್ತೆ ಒಣಗಿಹೋಯ್ತು. ನಾನು ಆಗ ಊರಿಗೆಲ್ಲ ಕಸಿ ಕಟ್ಟೋನು, ನಮ್ಮನೆ ಮರಕ್ಕೇ ನನ್ನ ಕೈ ಹತ್ತಲಿಲ್ಲ. ನಿಮ್ಮ ತಾತ ಬರೋ ಹೊತ್ತಿಗೆ ಏನಾದ್ರೂ ಚಿಗುರಿರ್ಬೇಕಿತ್ತು. ಕೆಲಸ ಮಾಡ್ತಿದ್ದ ನರ್ಸರಿಯಿಂದ ಯಾವುದೋ ಕಡ್ಡಿ ತಂದೆ. ಅದು ಹತ್ತಿಕೊಂಡ್ತು."

"ತಾತನಿಗೆ ಏನಂದೆ?"

"ಅದರದೇ ಕಡ್ಡಿ ಅಂದೆ."

"ನಂಬಿದ್ನಾ?"

"ಹಣ್ಣು ಬಿಡೋ ಮೊದಲೇ ಹೋಗ್ಬಿಟ್ಟ. ನಂಬ್ಕೊಂಡೇ ಹೋದ." ಅಪ್ಪ ಮೊದಲ ಸಲ ತಲೆ ಎತ್ತಿದ. "ಮೊದಲ ಹಣ್ಣು ಬಂದಾಗ ಊರೇ ಬಂತು ನೋಡೋಕೆ. ಏನ್ ದಪ್ಪ, ಏನ್ ಕೈಗುಣ ಮೇಸ್ತ್ರಿ ಅಂದ್ರು. ಕಡ್ಡಿ ಕೊಡು ಅಂದ್ರು. ಒಬ್ಬನಿಗೆ ಕೊಟ್ಟ ಮೇಲೆ ಇನ್ನೊಬ್ಬನಿಗೆ ಹೆಂಗೆ ಇಲ್ಲ ಅನ್ನೋದು?"

"ಹೆಂಗೆ ಇಲ್ಲ ಅನ್ನೋದಾ? ನಾಲಿಗೆ ಇರಲಿಲ್ವಾ ನಿಂಗೆ? ಊರಿನ ಕಿವಿಗೆಲ್ಲ ಹೂವಿಟ್ಟೆ, ಹೋಗ್ಲಿ. ನನ್ನ ಕೈಲಿ ಯಾಕೆ ಕಡಿಸ್ದೆ?"

ಕೇಳಬೇಕಾಗಿರಲಿಲ್ಲ. ಕೇಳುವಾಗಲೇ ಅವನಿಗೆ ಗೊತ್ತಾಗಿತ್ತು. ಹದಿಮೂರನೇ ವಯಸ್ಸಿನಲ್ಲಿ ಒಂದು ಚಿಗುರನ್ನು ಅವನು ಕಡಿಯದೆ ಬಿಟ್ಟಿದ್ದ, ಕಾಂಡದ ಹಿಂಬದಿಯಲ್ಲಿ, ಅಪ್ಪನಿಗೆ ಕಾಣದ ಹಾಗೆ. ಅದಕ್ಕೆ ಸಣ್ಣ ಮುಳ್ಳುಗಳಿದ್ದವು, ಎಲೆ ಪುಟ್ಟದಾಗಿತ್ತು. ಅದು ಹೂ ಬಿಟ್ಟರೆ ಹೇಗಿರುತ್ತೆ ನೋಡಬೇಕು ಅನ್ನುವ ಚಪಲ. ಎದೆಯೆತ್ತರ ಬೆಳೆದಾಗ ಅಪ್ಪನಿಗೆ ಕಂಡಿತು. ಹುಟ್ಟಿದಾಗಿನಿಂದ ಕೈಯೆತ್ತದಿದ್ದ ಅಪ್ಪ ಕೆನ್ನೆಗೆ ಬಾರಿಸಿದ್ದ. ಕಸುಬಿನಲ್ಲಿ ತಪ್ಪಿದರೆ ಹೀಗೆ ಅಂತ ಎಷ್ಟೋ ವರ್ಷ ಅವನು ಆ ಏಟನ್ನು ಹೆಮ್ಮೆಯಿಂದಲೇ ಹೇಳಿಕೊಂಡಿದ್ದ. ಕಟ್ಟುನಿಟ್ಟಿನ ಮೇಸ್ತ್ರಿ ಅಂದರೆ ನಮ್ಮಪ್ಪ ಕಣ್ರೋ ಅಂತ. ಹೊಡೆದ ಮೇಲೆ ಅಪ್ಪನ ಮುಖ ಬಿಳಿಚಿಕೊಂಡಿದ್ದು ಮಾತ್ರ ಯಾಕೆ ಅಂತ ತಿಳಿದಿರಲಿಲ್ಲ.

"ಅದು ಹಣ್ಣು ಬಿಟ್ಟಿದ್ರೆ ಎಲ್ಲಾರಿಗೂ ಗೊತ್ತಾಗ್ತಿತ್ತು. ಅಲ್ವಾ?"

"ಒಂದು ವರ್ಷ ಬಿಡೋಣ, ಈ ವರ್ಷ ಬಿಡೋಣ ಅಂತಲೇ ಇದ್ದೆ ಮಗಾ." ಅಪ್ಪನ ಕೈಗಳು ಮಂಡಿಯ ಮೇಲೆ ಕುಣಿಯುತ್ತಿದ್ದವು. ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡ. "ಎಷ್ಟು ಕಡಿದ್ರೂ ಬರುತ್ತಲ್ಲ. ಪ್ರತಿ ವರ್ಷ ಬರುತ್ತಲ್ಲ. ಒಂದಲ್ಲ ಒಂದು ದಿನ... ನೀನು ಔಷಧಿ ಬಳೀತೀಯ ಅಂತ ನಂಗೇನು ಗೊತ್ತು?"

ಮರಿಮೇಸ್ತ್ರಿ ಮೇಡಂ ಕಡೆ ತಿರುಗಿದ. ಅವರು ತಲೆ ಅಲ್ಲಾಡಿಸಿದರು. "ಬೇರಿಗಿಳಿಯೋ ಔಷಧಿ ಅದು. ತೊಳೆದು ನೋಡೋಣ, ಬೇರಿನ ತುಂಡು ಒಯ್ತೀನಿ. ಬದುಕುತ್ತೆ ಅಂತ ನಾನು ಹೇಳಲಾರೆ."

"ಹಂಗಾದ್ರೆ ಈ ಬೋರ್ಡು?" ಅಂದ ಕಾರ್ಯದರ್ಶಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದರಂತೆ. ಇವನು ಬಾಗಿಲಿಗೆ ಬಣ್ಣ ಯಾವುದು ಅಂತ ಕೇಳುವವನು. "ಬೋರ್ಡಾ?" ಅಂದ ಮರಿಮೇಸ್ತ್ರಿ. "ತಲೆ ಮೇಲೆ ಹೊತ್ಕೊಂಡು ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಳ್ಳಿ ಸಾರ್. ಗೋಡೆ ಮೇಲೆ ಹಣ್ಣು ಇದೆ, ಕೆಳಗೆ ನೀವಿರ್ತೀರಿ."

ಕಾಂಪೌಂಡಿನ ಆಚೆಯಿಂದ ಕೆಮ್ಮು ಕೇಳಿತು. ಕುಳ್ಳು ಗೋಡೆಯ ಮೇಲೆ ಆಡಿನಜ್ಜಿಯ ತಲೆ ಕಾಣಿಸಿತು. ಅಜ್ಜಿಗೆ ಮೂರು ಆಡು, ಮುಕ್ಕಾಲು ಬಾಯಿ ಹಲ್ಲು, ಪೂರ್ತಿ ಊರಿನ ಸುದ್ದಿ. ಹಣ್ಣು ಬಂದಾಗೆಲ್ಲ ಒಂದು ಕಚ್ಚಿ ಉಗಿದು, "ಇದು ಬೂದುಗೆನ್ನೆ ಅಲ್ಲ ಕಣ್ರೋ. ಬೂದುಗೆನ್ನೆ ಮೊದಲು ಮೂತಿ ಸೊಟ್ಟ ಮಾಡ್ಸುತ್ತೆ, ಆಮೇಲೆ ನಗಿಸುತ್ತೆ. ಇದು ಬರೀ ಹಲ್ಲು ಕಿರಿಯೋ ಹಣ್ಣು" ಅನ್ನುವವಳು ಅವಳು. "ಹಣ್ಣಲ್ಲ ಅಜ್ಜಿ, ನಿನ್ನ ನಾಲಿಗೆಗೆ ವಯಸ್ಸಾಯ್ತು" ಅಂತ ಊರು ನಗುತ್ತಿತ್ತು. ಮರಿಮೇಸ್ತ್ರಿಯೂ ನಕ್ಕವನೇ.

ಇವತ್ತು ಅವಳ ಬಾಯಲ್ಲಿ ಲೇವಡಿ ಇರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

"ಮೇಸ್ತ್ರಿ," ಅಂದಳು. "ನನ್ನ ನಾಲಿಗೆ ಸತ್ತಿದೆ ಅಂತ ನಾನೇ ನಂಬಿಬಿಟ್ಟಿದ್ದೆ ಕಣಯ್ಯಾ. ನಲವತ್ತು ವರ್ಷ. ಅಡಿಗೆಗೆ ಉಪ್ಪು ಹಾಕಿ ಸೊಸೇನ ಕರೆದು ರುಚಿ ನೋಡಿಸ್ತಿದ್ದೆ."

ಅಪ್ಪ ಕಣ್ಣು ಮುಚ್ಚಿದ.

ಮರಿಮೇಸ್ತ್ರಿಗೆ ಅದು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಅಜ್ಜಿಯ ಭುಜದ ಹಿಂದೆ ಏನೋ ಅಗಿಯುವ ಸದ್ದು ಬರುತ್ತಿತ್ತು. ಕರಕ್, ಕರಕ್. ಬೆಳಿಗ್ಗೆ ಆರಕ್ಕೆ ಅವನು ಕಡಿದ ಹನ್ನೊಂದು ಚಿಗುರನ್ನೂ ಮೂರು ನಾಲ್ಕರ ಗಂಟು ಮಾಡಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಬಿಗಿದು, "ಅಜ್ಜೀ, ನಿನ್ನ ಮಕ್ಕಳಿಗೆ ನಾಷ್ಟಾ!" ಅಂತ ಕೂಗಿ ಗೋಡೆಯ ಮೇಲಿಂದ ಎಸೆದಿದ್ದ.

ಈಗ ಬೇಸಿಗೆ. ತೊಗಟೆ ಬಿಡುವ ಕಾಲ. ಈ ವರ್ಷದ ಚಿಗುರಿನ ಕಣ್ಣು ಬಲಿತಿರುತ್ತದೆ. ಕಣ್ಣುಕಸಿಗೆ ಇದಕ್ಕಿಂತ ಒಳ್ಳೇ ಹೊತ್ತಿಲ್ಲ.

ಗೋಡೆ ಹಾರಿದ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಮಾಡಿದವನನ್ನು ಹಿಡಿದು ತರಬೇಕು, ಬಂದು ನೋಡಲಿ. ಎಲೆ ಒಂದೂ ಇರಲಿಲ್ಲ. ಎಲೆಯ ಜೊತೆ ಕಣ್ಣು ಹೋಗಿತ್ತು, ಕಣ್ಣಿನ ಜೊತೆ ತೊಗಟೆ. ಬೆತ್ತಲೆ ಕಡ್ಡಿಗಳು ಬಿಳೀ ಮೂಳೆಯ ಹಾಗೆ ನೆಲದ ಮೇಲೆ ಹರಡಿದ್ದವು. ಹೋತ ಒಂದು ಕಡ್ಡಿಯನ್ನು ಮುಂಗಾಲಿನಿಂದ ಒತ್ತಿ ಹಿಡಿದು ಸುಲಿಯುತ್ತಿತ್ತು. ಅದರ ಬಾಯಿಂದ ಅವನು ಕಿತ್ತುಕೊಂಡ. ಹೋತ ತಲೆ ತಗ್ಗಿಸಿ ಅವನ ತೊಡೆಗೆ ಒಂದು ಕೊಟ್ಟಿತು. ಅವನಿಗೆ ನೋವೂ ಗೊತ್ತಾಗಲಿಲ್ಲ.

"ಲೇ ಮರಿ, ಅದರಲ್ಲೇನಿದೆಯೋ ಇನ್ನ?" ಅಂದಳು ಅಜ್ಜಿ.

ಒಂದೊಂದಾಗಿ ತಿರುಗಿಸಿ ನೋಡಿದ. ಒಂದು, ಎರಡು, ಐದು. ಕೊನೆಗೆ ಸಿಕ್ಕಿದ್ದು ಮೂರು ಕಡ್ಡಿಯ ಒಂದು ಗಂಟು, ಇನ್ನೂ ಬಿಚ್ಚದೆ ಉಳಿದದ್ದು. ಮೇಲೂ ಕೆಳಗೂ ಸುಲಿದಿತ್ತು. ಟ್ಯೂಬಿನ ರಬ್ಬರ್ ಆಡಿಗೆ ರುಚಿಸಿರಲಿಲ್ಲ. ಪಟ್ಟಿ ಬಿಚ್ಚಿದ. ಅದರ ಅಡಿಯಲ್ಲಿ, ಎರಡು ಬೆರಳಗಲದ ಜಾಗದಲ್ಲಿ, ತೊಗಟೆ ಹಸಿರಾಗಿತ್ತು. ಎರಡು ಕಡ್ಡಿಯ ಮೇಲೆ ಒಂದೊಂದು ಕಣ್ಣು. ಮೂರನೆಯದರ ಮೇಲೆ ಏನಿಲ್ಲ.

ಕಣ್ಣಿದ್ದ ಎರಡನ್ನೂ ಬಾಯಲ್ಲಿ ಇಟ್ಟುಕೊಂಡ. ತೇವಕ್ಕೆ ಬೇರೆ ಏನೂ ತೋಚಲಿಲ್ಲ. ಗೋಡೆ ಹತ್ತಿ ಈಚೆ ಇಳಿದ.

ಮರದ ಆಚೆ ಕಸಿಗೆಂದು ಬೀಜದಿಂದ ಎಬ್ಬಿಸಿದ ಪ್ಲಮ್ ಸಸಿಗಳ ಸಾಲು ಇತ್ತು, ನೆಲದಲ್ಲೇ ನೆಟ್ಟದ್ದು, ಬೆರಳು ಗಾತ್ರ. ತಾಯಿಮರದ ಕಣ್ಣಿಗಾಗಿ ಕಾದಿಟ್ಟವು. ಬೆರಳ ನೀಲಿ ಉಜ್ಜಿ ತೊಳೆದು, ಒಂದರ ಮುಂದೆ ಕೂತು ಚಾಕು ತೆಗೆದ. ಕಾರ್ಯದರ್ಶಿ ಹತ್ತಿರ ಬಂದವನು ಮೇಡಂ ಮುಖ ನೋಡಿ ಹಿಂದೆ ಸರಿದ. ಮೇಡಂ ಬಕೆಟ್ಟಿನಲ್ಲಿ ನೀರು ತಂದು ನೀಲಿ ಮೋಟುಗಳನ್ನು ತೊಳೆಯತೊಡಗಿದರು, ಒಂದೊಂದನ್ನೇ, ಮಗುವಿನ ಮುಖ ತೊಳೆಯುವ ಹಾಗೆ.

ಚಾಕು ಎತ್ತಿದರೆ ಕೈ ನಿಲ್ಲಲಿಲ್ಲ. ಅಪ್ಪನ ಕೈಯ ಹಾಗೆ ನಡುಗುತ್ತಿತ್ತು. ಸಿಟ್ಟಿಗೋ ಹೆದರಿಕೆಗೋ, ಅವನಿಗೇ ತಿಳಿಯಲಿಲ್ಲ. ಮೊದಲನೆಯ ಕಣ್ಣಿನ ಅಡಿಗೆ ಚಾಕು ಹಾಯಿಸಿದ. ಟ್ಯೂಬಿನ ಗಂಟು ಅದರ ಮೇಲೇ ಕೂತಿತ್ತೇನೋ, ಎಬ್ಬಿಸಿದರೆ ನಡುವೆ ಜಜ್ಜಿ ಕಪ್ಪಾಗಿತ್ತು. ಬೆರಳ ಮೇಲೆ ಅದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು, ಕೆಳಗಿಟ್ಟ.

ಉಳಿದದ್ದು ಒಂದು.

ಹಿಂದೆ ಯಾರೋ ಬಂದು ನಿಂತದ್ದು ಉಸಿರಿನಿಂದ ಗೊತ್ತಾಯಿತು.

"ಉಸಿರು ಬಿಟ್ಟು ಕೊಯ್ಯಿ," ಅಂದ ಅಪ್ಪ ಮೆಲ್ಲಗೆ. "ಎಳ್ಕೊಂಡು ಕೊಯ್ಯಬೇಡ."

"ಮಾತಾಡಬೇಡ ನೀನು."

ಮರಿಮೇಸ್ತ್ರಿ ಚಾಕು ಕೆಳಗಿಟ್ಟು, ಕೈಗಳನ್ನು ಮಣ್ಣಿನಲ್ಲಿ ಒತ್ತಿ ಕೂತ. ಹತ್ತು ಎಣಿಸಿದ, ಆಮೇಲೆ ಇನ್ನೂ ಹತ್ತು. ಎತ್ತಿ ನೋಡಿದರೆ ನಿಂತಿದ್ದವು. ಉಸಿರು ಬಿಟ್ಟ. ಕೊಯ್ದ. ಕಣ್ಣು ಒಂದು ಚೂರು ತೊಗಟೆಯೊಂದಿಗೆ ಇಡಿಯಾಗಿ ಎದ್ದು ಬಂತು, ಒಳಗೆ ಒದ್ದೆ, ಹಸಿರು. ಸಸಿಯ ತೊಗಟೆಗೆ ಅಡ್ಡ ಒಂದು, ಉದ್ದ ಒಂದು ಗೆರೆ ಕೊಯ್ದು, ಚಾಕುವಿನ ಹಿಡಿಯಿಂದ ಎರಡೂ ರೆಪ್ಪೆ ಬಿಡಿಸಿ, ಒಳಗೆ ಜಾರಿಸಿದ. ಕೆಳಗಿನಿಂದ ಮೇಲಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದ. ಕಣ್ಣಿನ ತುದಿಯೊಂದನ್ನು ಮಾತ್ರ ಹೊರಗೆ ಬಿಟ್ಟ.

ಗೋಡೆಯ ಮೇಲಿಂದ ಅಜ್ಜಿ, "ಹತ್ತುತ್ತೇನೋ?" ಅಂದಳು.

"ಮೂರು ವಾರ ಹೋಗ್ಲಿ ಅಜ್ಜಿ. ಆಮೇಲೆ ಹೇಳ್ತೀನಿ."

"ಹಣ್ಣು?"

"ನಾಲ್ಕು ವರ್ಷ."

ಅಜ್ಜಿ ಬೆರಳು ಮಡಚಿ ಏನೋ ಎಣಿಸಿದಳು. "ನೋಡೋಣ," ಅಂದಳು. ಆಡುಗಳನ್ನು ಬೈಯುತ್ತಾ ಒಳಗೆ ಹೋದಳು.

ಹೊತ್ತು ನೆತ್ತಿಯಿಂದ ಜಾರಿ ಪಡುವಣದ ಕಡೆಯಿಂದ ಬಿಸಿಲು ನೇರ ಸಸಿಯ ಮೇಲೆ ಬೀಳುತ್ತಿತ್ತು. ಹೊಸ ಕಸಿಗೆ ಮೊದಲ ದಿನದ ಬಿಸಿಲು ತಾಕಬಾರದು. ಮರಿಮೇಸ್ತ್ರಿ ನೆರಳಿಗೆ ಕಟ್ಟಲು ಗೋಣಿತಟ್ಟು, ನಾಲ್ಕು ಗೂಟ ಹುಡುಕಿಕೊಂಡು ಕೊಟ್ಟಿಗೆಗೆ ಹೋದ. ಗೂಟ ಸಿಗುವುದು ತಡವಾಯಿತು. ಹೊರಗೆ ಗೇಟಿನ ಸದ್ದಾಯಿತು; ಕಾರ್ಯದರ್ಶಿ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದ, ಅಕ್ಷರದ ಮೈ ಒಳಗಡೆ.

ಅವನು ತಟ್ಟು ಹಿಡಿದು ಬಂದಾಗ ಅಪ್ಪ ಬೆಂಚಿನಲ್ಲಿರಲಿಲ್ಲ. ಸಸಿಗೂ ಬಿಸಿಲಿಗೂ ನಡುವೆ, ಬಿಸಿಲಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ ನಿಂತಿದ್ದ. ಅಂಗಿಯ ಬೆನ್ನು ಆಗಲೇ ಒದ್ದೆಯಾಗಿತ್ತು. ಮಗ ಬಂದದ್ದು ತಿಳಿದರೂ ತಿರುಗಲಿಲ್ಲ.

ಮರಿಮೇಸ್ತ್ರಿ ತಟ್ಟನ್ನು ಗೋಡೆಯ ಮೇಲೆ ಹಾಕಿದ. ಇನ್ನೊಂದು ಬಕೆಟ್ಟು ನೀರು ತೆಗೆದುಕೊಂಡು ಮೇಡಂ ಪಕ್ಕ ಹೋಗಿ ಕೂತು, ಉಳಿದ ಮೋಟುಗಳನ್ನು ತೊಳೆಯತೊಡಗಿದ.

ಸಸಿಯ ಮೇಲೆ ಅಪ್ಪನ ನೆರಳು ಬಿದ್ದಿತ್ತು. ನೆರಳಿನ ಕೈಗಳೆರಡು ಪಕ್ಕದಲ್ಲಿ ಅಲುಗುತ್ತಲೇ ಇದ್ದವು. ಸಸಿಯ ಮೇಲಿದ್ದ ಮೈಯ ನೆರಳು ಅಲುಗಲಿಲ್ಲ.